ಬೇರಿಯಾಟ್ರಿಕ್ ಸರ್ಜರಿ: ಚಿಕ್ಕದಾದ ಹೊಟ್ಟೆಗೆ ಊಟ ಹೊಂದಿಸುವ ಬಗೆ

ಬೇರಿಯಾಟ್ರಿಕ್ ಸರ್ಜರಿ ಎಂದರೆ ತೂಕ ಇಳಿಸಲು ಮಾಡುವ ಜಠರದ ಶಸ್ತ್ರಚಿಕಿತ್ಸೆ. ಇಲ್ಲಿ ಹೇಳುವುದು ಅದರ ಎರಡು ಬಗೆಗಳಾದ ಸ್ಲೀವ್ ಮತ್ತು ಬೈಪಾಸ್ ಬಗ್ಗೆ. ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಪಾಲನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, 100ರಿಂದ 150 ಮಿ.ಲೀ. ಹಿಡಿಯುವಷ್ಟು. ಬೈಪಾಸ್‌ನಲ್ಲಿ ಅನ್ನನಾಳದ ಬುಡದಲ್ಲಿ ಸುಮಾರು 30 ಮಿ.ಲೀ.ನ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ತಿಂದದ್ದು ಆ ದಾರಿ ಹಿಡಿಯುವುದಿಲ್ಲ.

ಎರಡರಲ್ಲೂ ಹೊಟ್ಟೆ ಕುಗ್ಗುತ್ತದೆ. ಸ್ನಾಯು, ರಕ್ತ, ಮೂಳೆ, ನರಗಳಿಗೆ ಬೇಕಾದದ್ದು ಮಾತ್ರ ಕುಗ್ಗುವುದಿಲ್ಲ. ಸರ್ಜರಿಯ ನಂತರದ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ಅಂತರದಲ್ಲೇ. ಆದ್ದರಿಂದ ‘ಎಷ್ಟು ಕಡಿಮೆ ತಿಂದೆ’ ಎಂದು ಲೆಕ್ಕ ಹಾಕುವುದನ್ನು ಬಿಡಿ. ಕಡಿಮೆ ತಿನ್ನಿಸುವ ಕೆಲಸವನ್ನು ಸರ್ಜರಿಯೇ ಮಾಡಿದೆ. ನೀವು ಲೆಕ್ಕ ಇಡಬೇಕಾದದ್ದು ಈಗ ಹೊಟ್ಟೆಗೆ ಹಿಡಿಸುವ ನಾಲ್ಕು ಚಮಚದೊಳಗೆ ಏನು ಹೋಯಿತು ಎಂಬುದನ್ನು.

ಇಲ್ಲಿ ಕೊಟ್ಟಿರುವ ದಿನ, ವಾರಗಳ ಎಣಿಕೆ ಸಾಮಾನ್ಯವಾಗಿ ಬಳಕೆಯಲ್ಲಿರುವಂಥದ್ದು. ನಿಮ್ಮ ಸರ್ಜನ್ ಅಥವಾ ಡಯಟೀಷಿಯನ್ ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ, ಏಕೆಂದರೆ ನಿಮ್ಮ ಹೊಲಿಗೆ ಹೇಗಿದೆ ಎಂದು ಕಣ್ಣಾರೆ ಕಂಡವರು ಅವರು.

ಸರ್ಜರಿಗೆ ಮೊದಲು: ಲಿವರ್ ಕುಗ್ಗಿಸುವ ಎರಡು ವಾರ

ಲಿವರ್‌ನ ಎಡಭಾಗ ಜಠರದ ಮೇಲೆ ಹಾಸಿಕೊಂಡಿರುತ್ತದೆ. ಸರ್ಜನ್ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ಕೊಬ್ಬು ತುಂಬಿ ಊದಿಕೊಂಡ ಲಿವರ್ ಎತ್ತಿದರೆ ಬಗ್ಗದು, ತಾಗಿದರೆ ರಕ್ತ ಸುರಿಸುತ್ತದೆ. ಜಾಗ ಕಾಣದೆ ಆಪರೇಷನ್ನನ್ನೇ ಅರ್ಧಕ್ಕೆ ನಿಲ್ಲಿಸಬೇಕಾಗಿ ಬರುವುದೂ ಉಂಟು. ಅದಕ್ಕೇ ಎರಡು ವಾರ, ತೂಕ ತೀರಾ ಹೆಚ್ಚಿದ್ದರೆ ನಾಲ್ಕು ವಾರ, ದಿನಕ್ಕೆ 800ರಿಂದ 1000 ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಪಿಷ್ಟ ಮತ್ತು ಸಕ್ಕರೆ ಒಟ್ಟು 100 ಗ್ರಾಂ ಒಳಗಿರಬೇಕು, ಪ್ರೋಟೀನ್ 60 ಗ್ರಾಂಗಿಂತ ಕೆಳಗೆ ಇಳಿಯಬಾರದು. ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ, ಅದರ ಜೊತೆ ಕಟ್ಟಿಹಾಕಿಕೊಂಡ ನೀರು ಮೊದಲು ಖಾಲಿಯಾಗುತ್ತದೆ. ಆಮೇಲೆ ಕೊಬ್ಬು ಕರಗತೊಡಗುತ್ತದೆ.

ಈ ಪಥ್ಯ ಕೆಡುವುದು ಸಾಮಾನ್ಯವಾಗಿ ಕೊನೆಯ ಎರಡು ಮೂರು ದಿನಗಳಲ್ಲಿ, ‘ಇನ್ನು ಮೇಲೆ ತಿನ್ನಲಾಗುವುದಿಲ್ಲವಲ್ಲ’ ಎಂಬ ಬೀಳ್ಕೊಡುಗೆಯ ಊಟಗಳಿಂದ. ಆ ಆಸೆ ಅರ್ಥವಾಗುವಂಥದ್ದೇ. ಆದರೆ ಪಿಷ್ಟ ಸಿಹಿಗಳ ಒಂದು ದೊಡ್ಡ ಊಟ ಸಾಕು, ಗ್ಲೈಕೋಜನ್ ಮತ್ತೆ ತುಂಬಿಕೊಳ್ಳಲು. ಹಾಗೆ ತಿಂದಿದ್ದರೆ ಸರ್ಜನ್‌ಗೆ ಮುಚ್ಚಿಡದೆ ಹೇಳಿ. ಅವರು ಬಯ್ಯಲಿಕ್ಕಿಲ್ಲ, ತಯಾರಾಗುತ್ತಾರೆ.

ಮಧುಮೇಹಿಗಳು ಈ ಪಥ್ಯವನ್ನು ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು. ಇನ್ಸುಲಿನ್ ಅಥವಾ ಗ್ಲೈಮಿಪಿರೈಡ್, ಗ್ಲಿಕ್ಲಝೈಡ್‌ನಂಥ ಮಾತ್ರೆಗಳ ಹಳೆಯ ಡೋಸ್ ಈ ಅಲ್ಪಾಹಾರದ ಜೊತೆ ಸೇರಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ತೊಂದರೆ ಬೇರೆ ಬಗೆಯದು: ಪಿಷ್ಟ ಕಡಿಮೆಯಾದಾಗ ರಕ್ತದಲ್ಲಿ ಕೀಟೋನ್ (ಕೊಬ್ಬು ಉರಿದಾಗ ಹುಟ್ಟುವ ಆಮ್ಲ) ಏರುತ್ತದೆ. ಆಗ ಸಕ್ಕರೆಯ ಅಂಕಿ ಸರಿಯಾಗಿಯೇ ಕಾಣುವುದರಿಂದ ಅದು ಗಮನಕ್ಕೇ ಬರುವುದಿಲ್ಲ. ಇವನ್ನು ಸರ್ಜರಿಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸುತ್ತಾರೆ. ಪಥ್ಯ ಆರಂಭವಾದ ದಿನದಿಂದಲೇ ಬೇಡ ಎನ್ನುವುದೂ ಉಂಟು.

ಇದೇ ದಿನಗಳಲ್ಲಿ ಕೆಲವು ಅಭ್ಯಾಸಗಳನ್ನೂ ಬದಲಿಸಿಕೊಳ್ಳಿ. ಊಟದ ಜೊತೆ ನೀರು ಕುಡಿಯದಿರುವುದು, ಮಕ್ಕಳ ಚಮಚದಲ್ಲಿ ತಿನ್ನುವುದು, ಒಂದು ಊಟಕ್ಕೆ 20 ನಿಮಿಷ ತೆಗೆದುಕೊಳ್ಳುವುದು. ದೊಡ್ಡ ಹೊಟ್ಟೆ ಇರುವಾಗ ಇವನ್ನು ಕಲಿಯುವುದು ಸುಲಭ, ಏಕೆಂದರೆ ತಪ್ಪಿದರೂ ನೋವಾಗುವುದಿಲ್ಲ. ತಂಬಾಕನ್ನು ಆರು ವಾರ ಮೊದಲಾದರೂ ಬಿಟ್ಟಿರಬೇಕು. ಬೈಪಾಸ್ ಆದವರಲ್ಲಿ ಹೊಲಿಗೆಯ ಜಾಗದಲ್ಲಿ ಹುಣ್ಣಾಗಲು ಹೊಗೆಯೇ ದೊಡ್ಡ ಕಾರಣಗಳಲ್ಲೊಂದು. ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ ರಕ್ತಪರೀಕ್ಷೆಗಳನ್ನೂ ಈಗಲೇ ಮಾಡಿಸಿ. ದೇಹ ದಪ್ಪಗಿದ್ದ ಮಾತ್ರಕ್ಕೆ ಪೋಷಕಾಂಶ ತುಂಬಿರುತ್ತದೆ ಎಂದಲ್ಲ. ಡಿ ಕೊರತೆಯಂತೂ ಈ ಹಂತದಲ್ಲೇ ತೀರಾ ಸಾಮಾನ್ಯ.

ಮೊದಲ ಎರಡು ವಾರ: ಗುಟುಕು ಗುಟುಕಾಗಿ

ಮೊದಲ ಒಂದೆರಡು ದಿನ ತಿಳಿ ದ್ರವ ಮಾತ್ರ: ನೀರು, ಸೋಸಿದ ತಿಳಿ ಸಾರು, ಸಕ್ಕರೆಯಿಲ್ಲದ ಪಾನೀಯ. ನಂತರ ಎರಡು ವಾರದ ತನಕ ಹಾಲು, ನಯವಾದ ಸೂಪ್, ಪ್ರೋಟೀನ್ ಪಾನೀಯ. ಈ ಅವಧಿಯಲ್ಲಿ ಹೆಚ್ಚಿನವರಿಗೆ ಹಸಿವೇ ಇರುವುದಿಲ್ಲ, ಬಾಯಾರಿಕೆಯೂ ಮಂಕಾಗಿರುತ್ತದೆ. ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಬರುವ ಸಾಮಾನ್ಯ ಕಾರಣಗಳಲ್ಲಿ ನೀರಿನ ಕೊರತೆಯೂ ಒಂದು.

ಬಾಯಾರಿಕೆಯನ್ನು ನಂಬದೆ ಗಡಿಯಾರವನ್ನು ನಂಬಿ. ಔಷಧಿಯ ಬಾಟಲಿಯ ಜೊತೆ ಬರುವ 30 ಮಿ.ಲೀ.ನ ಅಳತೆ ಕಪ್ ತೆಗೆದುಕೊಳ್ಳಿ. ಕಾಲು ಗಂಟೆಗೆ ಒಂದು ಕಪ್, ಅದನ್ನೂ ಎರಡು ಮೂರು ಗುಟುಕಾಗಿ. ಗಂಟೆಗೆ 120 ಮಿ.ಲೀ. ಆಯಿತು, ಎಚ್ಚರವಿರುವ 14 ಗಂಟೆಗಳಲ್ಲಿ 1.6 ಲೀಟರ್ ದಾಟುತ್ತದೆ. ಹಾಲು, ಸೂಪ್ ಎಲ್ಲವೂ ಈ ಲೆಕ್ಕದೊಳಗೇ. ಗುರಿ ಒಂದೂವರೆಯಿಂದ ಎರಡು ಲೀಟರ್. ಬೆಳಿಗ್ಗೆ ಬಿಟ್ಟುಹೋದದ್ದನ್ನು ಸಂಜೆ ಒಟ್ಟಿಗೆ ಕುಡಿದು ಸರಿದೂಗಿಸಲು ಈ ಹೊಟ್ಟೆ ಬಿಡುವುದಿಲ್ಲ. ಮೂತ್ರ ಕಡು ಹಳದಿಗೆ ತಿರುಗಿದರೆ, ಎದ್ದು ನಿಂತಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದೇ ತಲೆಸುತ್ತು ಡೋಸ್ ಇಳಿಸಬೇಕಾದ ಸೂಚನೆಯೂ ಇರಬಹುದು. ವೈದ್ಯರಿಗೆ ಫೋನ್ ಮಾಡಿ.

ದ್ರವದಲ್ಲೇ ಪ್ರೋಟೀನ್ ಸೇರಿಸುವುದಕ್ಕೆ ಸುಲಭದ ಉಪಾಯವೆಂದರೆ ಗಟ್ಟಿಹಾಲು. ಕೊಬ್ಬು ತೆಗೆದ 500 ಮಿ.ಲೀ. ಹಾಲಿಗೆ ಕೆನೆರಹಿತ ಹಾಲಿನ ಪುಡಿ 50 ಗ್ರಾಂ ಕದಡಿದರೆ ಸುಮಾರು 34 ಗ್ರಾಂ ಪ್ರೋಟೀನ್ ಸಿಗುತ್ತದೆ. ಬರೀ ಹಾಲಿನಲ್ಲಿ ಸಿಗುವುದು ಅದರ ಅರ್ಧ. ದಿನವಿಡೀ ಕುಡಿಯುವ, ಪಾನೀಯಕ್ಕೆ ಬೆರೆಸುವ ಹಾಲೆಲ್ಲ ಇದೇ ಆಗಿರಲಿ. ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬರಿಸಿ ಭೇದಿಯಾದರೆ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಒಗ್ಗುತ್ತಿಲ್ಲ ಎಂದರ್ಥ. ಸರ್ಜರಿಯ ನಂತರ ಹೊಸದಾಗಿ ಹೀಗಾಗುವುದುಂಟು. ಲ್ಯಾಕ್ಟೋಸ್ ಇಲ್ಲದ ಹಾಲಿಗೋ ಸೋಯಾ ಹಾಲಿಗೋ ಬದಲಾಗಿ.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ನಡೆಯುತ್ತವೆ. ಬೇಳೆ ಬೇಯಿಸಿ ಮೇಲಿನ ಕಟ್ಟು ಮಾತ್ರ ಬಸಿದು ಕುಡಿಯುವುದು ಒಂದು. ಪ್ರೋಟೀನ್ ತಳದಲ್ಲಿ ಉಳಿದ ಬೇಳೆಯಲ್ಲಿದೆ, ಕಟ್ಟಿನಲ್ಲಿ ಹೆಚ್ಚು ಇರುವುದು ನೀರು. ಬೇಳೆಯನ್ನೇ ನುಣ್ಣಗೆ ರುಬ್ಬಿ, ಜರಡಿಯಲ್ಲಿ ಸೋಸಿ, ಹರಿಯುವಷ್ಟು ತೆಳ್ಳಗೆ ಮಾಡಿಕೊಳ್ಳಿ. ಇನ್ನೊಂದು, ಕುದಿಯುವ ಸೂಪಿಗೆ ವೇ (ಹಾಲೊಡೆದ ನೀರಿನಿಂದ ತೆಗೆದ) ಪ್ರೋಟೀನ್ ಪುಡಿ ಸುರಿಯುವುದು. ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿ ಗಂಟುಗಂಟಾಗುತ್ತದೆ. ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಪೇಸ್ಟ್ ಮಾಡಿ, ಸೂಪ್ ಬಾಯಿಗೆ ಹಿತವಾಗುವಷ್ಟು ಆರಿದ ಮೇಲೆ ಕಲಸಿ. ಪುಡಿ ಕೊಳ್ಳುವಾಗ ಕೊಲಾಜೆನ್ ಪುಡಿಯನ್ನು ಬದಿಗಿಡಿ. ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲ. ವೇ ಅಥವಾ ಸೋಯಾ ಸರಿ.

ಮೂರನೇ ವಾರದಿಂದ ಎಂಟನೇ ವಾರದ ತನಕ

ಮೂರು ಮತ್ತು ನಾಲ್ಕನೇ ವಾರ ರುಬ್ಬಿದ ಆಹಾರ. ಹದ ನೋಡುವುದು ಹೀಗೆ: ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ನಾಲಿಗೆಗೆ ಒಂದು ತರಿಯೂ ಸಿಗಬಾರದು. ರುಬ್ಬಲು ನೀರಿನ ಬದಲು ಗಟ್ಟಿಹಾಲನ್ನೋ ಬೇಯಿಸಿದ ರಸವನ್ನೋ ಬಳಸಿ. ಒಂದು ಹೊತ್ತಿಗೆ ಮೂರ್ನಾಲ್ಕು ದೊಡ್ಡ ಚಮಚ ಸಾಕಾಗುತ್ತದೆ, ಅಷ್ಟಕ್ಕಾಗಿ ದಿನಕ್ಕೆ ಐದು ಸಲ ಮಿಕ್ಸಿ ತೊಳೆಯುವುದು ಯಾರಿಗೂ ಬೇಸರವೇ. ಒಮ್ಮೆಗೆ ರುಬ್ಬಿ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಎರಡೋ ಮೂರೋ ತುಂಡು ಬಿಸಿ ಮಾಡಿಕೊಳ್ಳಿ. ಅಳತೆಯೂ ತಾನಾಗಿಯೇ ಸಿಗುತ್ತದೆ.

ಐದು, ಆರನೇ ವಾರ ಮೆತ್ತನೆಯದು: ಫೋರ್ಕ್‌ನಲ್ಲಿ ಒತ್ತಿದರೆ ಮಿದುವಾಗುವ ಮೀನು, ಒದ್ದೆಯಾಗಿ ಕಲಕಿದ ಮೊಟ್ಟೆ, ಟೋಫು, ಮೃದು ಪನೀರ್, ಚೆನ್ನಾಗಿ ಬೆಂದ ಬೇಳೆ, ಗ್ರೇವಿಯಲ್ಲಿ ಬೇಯಿಸಿದ ಕೀಮಾ. ಏಳೆಂಟನೇ ವಾರದಿಂದ ಸಾಮಾನ್ಯ ಊಟದ ಕಡೆಗೆ. ಹೊಸ ಪದಾರ್ಥ ಒಂದು ಸಲಕ್ಕೆ ಒಂದೇ ಇರಲಿ. ಎರಡನ್ನು ಒಟ್ಟಿಗೆ ತಿಂದು ವಾಂತಿಯಾದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ. ಇಂದು ಒಗ್ಗದ್ದನ್ನು ಶಾಶ್ವತವಾಗಿ ಬಿಡಬೇಕಿಲ್ಲ, ತಿಂಗಳು ಬಿಟ್ಟು ಮತ್ತೆ ನೋಡಿ.

ಹೆಚ್ಚು ಕಾಡುವವು: ಒಣಗಿದ ಕೋಳಿಯ ಎದೆಮಾಂಸ, ಎರಡನೇ ಸಲ ಬಿಸಿ ಮಾಡಿದ ಮಾಂಸ, ಮುದ್ದೆಗಟ್ಟುವ ಮೆದು ಬ್ರೆಡ್, ಅಂಟಾದ ಅನ್ನ, ನಾರಿನ ತರಕಾರಿ, ಕಿತ್ತಳೆಯ ತೊಳೆಯ ಸಿಪ್ಪೆ. ಮೊದಲಿನ ಜಠರ ಇವನ್ನು ಕಡೆದು ಅರೆಯುತ್ತಿತ್ತು. ಈಗಿನ ಚೀಲಕ್ಕೆ ಆ ಶಕ್ತಿ ಇಲ್ಲ, ಹೊರದಾರಿಯೂ ಕಿರಿದು. ಅರೆಯುವ ಕೆಲಸವೆಲ್ಲ ಹಲ್ಲಿನದೇ. ಕಡಲೆಕಾಳಿನಷ್ಟು ತುತ್ತು, 20-25 ಸಲ ಅಗಿತ, ನುಂಗಿದ ಮೇಲೆ ಚಮಚ ಕೆಳಗಿಟ್ಟು ಅರ್ಧ ನಿಮಿಷ ಬಿಡುವು. ಊಟ 20ರಿಂದ 30 ನಿಮಿಷದಲ್ಲಿ ಮುಗಿಯಬೇಕು. ಅದಕ್ಕಿಂತ ಎಳೆದರೆ ಕೆಳಗಿನಿಂದ ಖಾಲಿಯಾಗುತ್ತಾ ಮೇಲಿನಿಂದ ತುಂಬುತ್ತಾ, ಅರಿವಿಲ್ಲದೆ ದುಪ್ಪಟ್ಟು ತಿಂದಿರುತ್ತೀರಿ.

ತುಂಬಿತು ಎಂಬ ಸೂಚನೆ ಮೊದಲಿನಂತೆ ಬರುವುದಿಲ್ಲ. ಎದೆಮೂಳೆಯ ಹಿಂದೆ ಸಣ್ಣ ಒತ್ತಡ, ಒಂದು ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ತಾನಾಗಿ ಬರುವ ನಿಟ್ಟುಸಿರು. ಇವುಗಳಲ್ಲಿ ನಿಮ್ಮದು ಯಾವುದು ಎಂದು ಗುರುತಿಸಿಕೊಳ್ಳಿ. ಅದು ಬಂದ ಕ್ಷಣ ನಿಲ್ಲಿಸಿ, ತಟ್ಟೆಯಲ್ಲಿ ಒಂದೇ ತುತ್ತು ಉಳಿದಿದ್ದರೂ ಸರಿ. ವಾಂತಿಗೆ ಕಾರಣವಾಗುವುದು ಹೆಚ್ಚಾಗಿ ಆ ಕೊನೆಯ ತುತ್ತೇ.

ಊಟದ ನಡುವೆ ನೀರು ಬೇಡ, ಮುಗಿದ 30 ನಿಮಿಷದ ನಂತರ ಕುಡಿಯಿರಿ. ಆಹಾರದ ಮೇಲೆ ನೀರು ಬಿದ್ದರೆ ಚೀಲ ಉಕ್ಕಿ ವಾಂತಿಯಾಗಬಹುದು. ಅಥವಾ ಅದು ಆಹಾರವನ್ನು ಬೇಗ ಕರುಳಿಗೆ ತೊಳೆದು ಗಂಟೆಯೊಳಗೆ ಮತ್ತೆ ಹಸಿವು ತರುತ್ತದೆ.

ತುತ್ತು ಸಿಕ್ಕಿಕೊಂಡರೆ ಎದೆ ಬಿಗಿಯುತ್ತದೆ, ಬಾಯಲ್ಲಿ ನೊರೆಜೊಲ್ಲು ತುಂಬುತ್ತದೆ. ನೀರು ಕುಡಿದು ತಳ್ಳಲು ಹೋಗಬೇಡಿ, ನೋವು ಹೆಚ್ಚುತ್ತದೆ. ಎದ್ದು ನಿಧಾನ ನಡೆದಾಡಿ, ಜೊಲ್ಲನ್ನು ಉಗುಳಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಕೆಳಗಿಳಿಯುತ್ತದೆ ಅಥವಾ ಹೊರಬರುತ್ತದೆ. ಆಮೇಲೆ ಒಂದು ದಿನ ದ್ರವಾಹಾರ. ಮೊದಲು ಗಟ್ಟಿ, ಆಮೇಲೆ ಮೆತ್ತನೆಯದು, ಈಗ ದ್ರವವೂ ಇಳಿಯುತ್ತಿಲ್ಲ ಎಂಬಂತೆ ದಿನದಿನಕ್ಕೆ ಹದಗೆಡುತ್ತಿದ್ದರೆ ಮಾತ್ರ ಅದು ನಿಮ್ಮ ತಿನ್ನುವ ರೀತಿಯ ತಪ್ಪಲ್ಲ. ಜೋಡಣೆಯ ಜಾಗ ಕಿರಿದಾಗಿರಬಹುದು, ಎಂಡೋಸ್ಕೋಪಿಯಲ್ಲಿ ಅದನ್ನು ಹಿಗ್ಗಿಸಬಹುದು.

ತಟ್ಟೆಯ ಲೆಕ್ಕ

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಎತ್ತರಕ್ಕೆ ತಕ್ಕ ಆದರ್ಶ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ ಎಂಬುದು ಇನ್ನೂ ನಿಖರ. ಇದು ತಪ್ಪಿದರೆ ತಕ್ಕಡಿ ಇಳಿಯುತ್ತದೆ, ಆದರೆ ಇಳಿದ ತೂಕದಲ್ಲಿ ಸ್ನಾಯುವಿನ ಪಾಲು ದೊಡ್ಡದಿರುತ್ತದೆ. ಸುಸ್ತು, ಜೋಲುವ ಮೈ, ಮುಂದೆ ಸುಲಭವಾಗಿ ಮರಳುವ ತೂಕ, ಎಲ್ಲವೂ ಅದರ ಬೆನ್ನಿಗೆ.

ಮೂರನೇ ತಿಂಗಳಿನ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಒಂದು ಮೊಟ್ಟೆ, 6 ಗ್ರಾಂ. ನಡುವೆ 200 ಮಿ.ಲೀ. ಹಾಲಿಗೆ 20 ಗ್ರಾಂ ವೇ ಪುಡಿ, 23 ಗ್ರಾಂ. ಮಧ್ಯಾಹ್ನ ಬೇಯಿಸಿದ ಮೀನು 50 ಗ್ರಾಂ, ಅದರ ಬದಿಗೆ ಎರಡು ಚಮಚ ಮೆತ್ತನೆ ತರಕಾರಿ, 11 ಗ್ರಾಂ. ಸಂಜೆ ಬಟ್ಟೆಯಲ್ಲಿ ನೀರು ಬಸಿದ ಗಟ್ಟಿ ಮೊಸರು 100 ಗ್ರಾಂ, ಸುಮಾರು 9. ರಾತ್ರಿ ಬೆಂದ ಬೇಳೆ 100 ಗ್ರಾಂ, ಅದರಲ್ಲಿ ಪುಡಿ ಮಾಡಿದ ಪನೀರ್ 30 ಗ್ರಾಂ, ಎರಡೂ ಸೇರಿ 14. ಒಟ್ಟು 63. ಮೀನು ತಿನ್ನದವರು ಆ ಜಾಗದಲ್ಲಿ ಟೋಫು 100 ಗ್ರಾಂ ಇಡಬಹುದು. ಈ ಪಟ್ಟಿಯಲ್ಲಿ ಅನ್ನವೂ ಬ್ರೆಡ್ಡೂ ಇಲ್ಲದಿರುವುದು ಮರೆವಿನಿಂದಲ್ಲ. ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಪಿಷ್ಟ. ಆರಂಭದ ತಿಂಗಳುಗಳಲ್ಲಿ ಜಾಗ ಉಳಿಯುವುದೇ ಅಪರೂಪ.

ಸಿಹಿ ತಿಂದಾಗ ಏನಾಗುತ್ತದೆ

ಡಂಪಿಂಗ್ ಎಂಬುದು ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್‌ನವರಲ್ಲೂ ಇಲ್ಲದಿಲ್ಲ. ಸಕ್ಕರೆ ತುಂಬಿದ ಆಹಾರ ನೇರ ಕರುಳಿಗೆ ಬಿದ್ದು ರಕ್ತನಾಳಗಳಿಂದ ನೀರು ಸೆಳೆದುಕೊಳ್ಳುತ್ತದೆ. ತಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಮಲಗಿದರೆ ಒಂದು ಗಂಟೆಯೊಳಗೆ ತಗ್ಗುತ್ತದೆ. ತಡವಾದ ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಆಗ ಸ್ವಲ್ಪ ಗ್ಲೂಕೋಸ್ ತೆಗೆದುಕೊಳ್ಳಲೇಬೇಕು. ಆದರೆ ಅಷ್ಟಕ್ಕೇ ಬಿಟ್ಟರೆ ಅದೇ ಗ್ಲೂಕೋಸ್ ಮತ್ತೊಂದು ಕುಸಿತ ತರುತ್ತದೆ, ಆದ್ದರಿಂದ ಚೇತರಿಸಿದ ಕೂಡಲೇ ಪ್ರೋಟೀನ್ ಇರುವ ಏನಾದರೂ ತಿನ್ನಿ. ಹಣ್ಣಿನ ರಸ ಕೂಡ ಇಲ್ಲಿ ಸಕ್ಕರೆ ನೀರಿನಂತೆಯೇ ವರ್ತಿಸುತ್ತದೆ. ಹಣ್ಣನ್ನು ಹಣ್ಣಾಗಿಯೇ, ಊಟದ ಕೊನೆಗೆ ತಿನ್ನಿ.

ಮಾತ್ರೆಗಳು ಜೀವನಪೂರ್ತಿ

ಇದನ್ನು ಬಿಡುವವರು ಸಾಮಾನ್ಯವಾಗಿ ಬಿಡುವುದು ಆರೋಗ್ಯ ಚೆನ್ನಾಗಿರುವಾಗ, ಒಂದೆರಡು ವರ್ಷ ಕಳೆದ ಮೇಲೆ. ಬಿ12ರ ದಾಸ್ತಾನು ಲಿವರ್‌ನಲ್ಲಿ ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ತಲೆದೋರುತ್ತದೆ. ಪಾದ ಜೋಮು ಹಿಡಿಯುವ ಹೊತ್ತಿಗೆ ನರಕ್ಕೆ ಆದ ಹಾನಿ ಪೂರ್ತಿ ವಾಸಿಯಾಗದೇ ಹೋಗಬಹುದು.

ಸ್ಲೀವ್ ಮತ್ತು ಬೈಪಾಸ್‌ಗೆ ಸಾಮಾನ್ಯ ಪ್ರಮಾಣ ಹೀಗಿದೆ: ಪೂರ್ಣ ಮಲ್ಟಿವಿಟಮಿನ್, ಬಿ12 ಬಾಯಿಯಿಂದಾದರೆ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಇಂಜೆಕ್ಷನ್ ಆದರೆ ತಿಂಗಳಿಗೆ 1000, ಕಬ್ಬಿಣ ದಿನಕ್ಕೆ 45ರಿಂದ 60 ಮಿ.ಗ್ರಾಂ, ಕೊರತೆಯ ಸಂಭವ ಕಡಿಮೆಯಿರುವ ಪುರುಷರಿಗೆ 18 ಸಾಕಾಗಬಹುದು. ವಿಟಮಿನ್ ಡಿ ದಿನಕ್ಕೆ 3000 ಯೂನಿಟ್. ಕ್ಯಾಲ್ಸಿಯಂ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ರೂಪವನ್ನೇ ಕೇಳಿ ಪಡೆಯಿರಿ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಅದೇ ಈಗ ಕಡಿಮೆ. ಒಮ್ಮೆಗೆ 500-600 ಮಿ.ಗ್ರಾಂಗಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ, ಆದ್ದರಿಂದ ಎರಡು ಮೂರು ಪಾಲು ಮಾಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದನ್ನೊಂದು ತಡೆಯುತ್ತವೆ. ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಜೊತೆ ಚಹಾ ಕಾಫಿ ಬೇಡ. ಚರ್ಮಕ್ಕೆ ಅಂಟಿಸುವ ವಿಟಮಿನ್ ಪಟ್ಟಿಗಳನ್ನೂ ಸಿಹಿ ಗಮ್ಮಿಗಳನ್ನೂ ನೆಚ್ಚಿಕೊಳ್ಳಬೇಡಿ. ಗಮ್ಮಿಗಳಲ್ಲಿ ಕಬ್ಬಿಣ ಇರುವುದೇ ಕಡಿಮೆ.

ಥಯಮಿನ್, ಅಂದರೆ ಬಿ1, ಇವೆಲ್ಲಕ್ಕಿಂತ ಅವಸರದ್ದು. ದೇಹದಲ್ಲಿ ಅದರ ಸಂಗ್ರಹ ಎರಡು ಮೂರು ವಾರಕ್ಕೆ ಮಾತ್ರ. ಸತತ ವಾಂತಿಯಾಗುತ್ತಿದ್ದರೆ ಅಷ್ಟರಲ್ಲೇ ಮುಗಿದು, ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಶುರುವಾಗುತ್ತದೆ. ಇದು ತುರ್ತು ಪರಿಸ್ಥಿತಿ. ಆಸ್ಪತ್ರೆಗೆ ಹೋದ ಕೂಡಲೇ ‘ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ’ ಎಂದು ಹೇಳಿ. ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಏರಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ.

ಬೇರೆ ಮಾತ್ರೆಗಳ ವಿಷಯ: ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳನ್ನು ಬೈಪಾಸ್ ಆದವರು ದೂರವಿಡಬೇಕು, ಹುಣ್ಣಾಗಿ ರಕ್ತ ಸೋರುತ್ತದೆ. ನೋವಿಗೆ ಪ್ಯಾರಾಸಿಟಮಾಲ್. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಬೇಡಿ, ಬದಲಿ ರೂಪ ಬರೆಸಿಕೊಳ್ಳಿ. ಗರ್ಭನಿರೋಧಕ ಗುಳಿಗೆ ಬೈಪಾಸ್ ನಂತರ ಭರವಸೆಗೆ ಅರ್ಹವಲ್ಲ. 12ರಿಂದ 18 ತಿಂಗಳು ಗರ್ಭ ಮುಂದೂಡಬೇಕಿರುವುದರಿಂದ ಬೇರೆ ವಿಧಾನ ಬೇಕು. ಮದ್ಯ ಮೊದಲಿಗಿಂತ ಬೇಗ, ಹೆಚ್ಚು ಏರುತ್ತದೆ. ಒಂದು ಗ್ಲಾಸಿನ ನಂತರವೂ ವಾಹನ ಓಡಿಸಬಾರದು.

ತೂಕ ನಿಂತಾಗ, ಮರಳಿದಾಗ

ಮೂರನೇ ವಾರದ ಸುಮಾರಿಗೆ ತಕ್ಕಡಿ ಹಠಾತ್ತಾಗಿ ನಿಂತುಬಿಡುತ್ತದೆ. ಮೊದಲು ಬೇಗ ಇಳಿದದ್ದರಲ್ಲಿ ಗ್ಲೈಕೋಜನ್ ಜೊತೆಗಿನ ನೀರಿನ ಪಾಲು ದೊಡ್ಡದಿತ್ತು. ದೇಹ ಈಗ ನೀರನ್ನು ಸ್ವಲ್ಪ ಮರಳಿ ಹಿಡಿದಿಡುತ್ತಿದೆ. ಒಂದೆರಡು ವಾರದಲ್ಲಿ ತಾನೇ ಸರಿಯುತ್ತದೆ. ಹೆದರಿ ಊಟ ಬಿಡಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಗಿ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದೂ ಸಾಮಾನ್ಯ. ದೇಹಕ್ಕೆ ಬಿದ್ದ ಆಘಾತದಿಂದ ಬೇರುಗಳು ವಿಶ್ರಾಂತಿಗೆ ಹೋಗಿರುತ್ತವೆ, ಹೆಚ್ಚಿನವರಲ್ಲಿ ಮರಳಿ ಬೆಳೆಯುತ್ತವೆ. ಒಂದು ವರ್ಷ ದಾಟಿಯೂ ಉದುರುತ್ತಿದ್ದರೆ ಕಬ್ಬಿಣ, ಸತು, ಪ್ರೋಟೀನ್ ಪರೀಕ್ಷಿಸಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವಿದೆ. ಮೊದಲ ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಬರೆದಿದ್ದರೆ ಅದಕ್ಕಾಗಿಯೇ.

ಜ್ವರ, ಹೆಚ್ಚುತ್ತಲೇ ಇರುವ ಹೊಟ್ಟೆನೋವು, ಭುಜದ ನೋವು, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಒಂದೇ ಕಾಲಿನ ಊತ, ಉಸಿರಾಟದ ತೊಂದರೆ, ಕಪ್ಪು ಮಲ, 24 ಗಂಟೆ ದ್ರವವೂ ನಿಲ್ಲದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ.

ತೂಕ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ತಳ ಮುಟ್ಟುತ್ತದೆ, ನಂತರ ಒಂದಿಷ್ಟು ಮರಳುವುದು ಸಹಜ. ಅದಕ್ಕಿಂತ ಹೆಚ್ಚು ಮರಳುತ್ತಿದ್ದರೆ ಚೀಲ ಹಿಗ್ಗಿತು ಎಂದು ತೀರ್ಮಾನಿಸುವ ಮೊದಲು ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ತೂಗಿ ಬರೆದಿಡಿ. ಬಾಯಲ್ಲಿ ಕರಗಿ ಸಲೀಸಾಗಿ ಜಾರುವ ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಂ ಚೀಲದಲ್ಲಿ ನಿಲ್ಲುವುದೇ ಇಲ್ಲ. ಅವುಗಳಿಗೆ ಚಿಕ್ಕ ಹೊಟ್ಟೆ ತಡೆಯಲ್ಲ. ಗಂಟೆಗೊಮ್ಮೆ ಒಂದಿಷ್ಟು ಮೆಲ್ಲುವುದು, ಊಟದ ಜೊತೆ ಮತ್ತೆ ನೀರು ಶುರುವಾದದ್ದು, ಕುಡಿಯುವ ರೂಪದ ಕ್ಯಾಲೊರಿ, ಇವು ಆ ಬರಹದಲ್ಲಿ ಕಾಣಿಸಿಕೊಳ್ಳುತ್ತವೆ. ಪಟ್ಟಿಯನ್ನು ಡಯಟೀಷಿಯನ್‌ಗೆ ಒಯ್ಯಿರಿ, ಮೂರು ಕಿಲೋ ಏರಿದಾಗಲೇ. ನಾಚಿಕೆಯಿಂದ ಮುಂದೂಡಿ ಹದಿನೈದು ಕಿಲೋ ಏರಿದ ಮೇಲೆ ಬರುವವರೇ ಹೆಚ್ಚು, ಆಗ ದಾರಿ ಉದ್ದವಾಗಿರುತ್ತದೆ. ರಕ್ತಪರೀಕ್ಷೆ ಮೊದಲ ವರ್ಷ 3, 6, 12ನೇ ತಿಂಗಳಿಗೆ, ಆಮೇಲೆ ಪ್ರತಿ ವರ್ಷ.